ನಡುವೆ ಕುಳಿತವಳು

೧೮೮೪ರ ಆ ಚಳಿಗಾಲದಲ್ಲಿ ಪೆನ್ಸಿಲ್ವೇನಿಯಾದ ಆ ಬೆಟ್ಟಸಾಲಿನ ಗಣಿಯೂರುಗಳಿಗೆಲ್ಲ ಫಾದರ್ ಕ್ವಿನ್ಲನ್ ಒಬ್ಬರೇ ಪಾದ್ರಿ. ಮಧ್ಯಾಹ್ನದ ಗಾಡಿಗೆ ಬಂದರೆ ಸಂಜೆಯ ಗಾಡಿಗೆ ಇನ್ನೊಂದೂರಿಗೆ ಹೊರಡಬೇಕು. ಅವರು ಐರಿಷರು, ಗಣಿಯಲ್ಲಿ ದುಡಿಯಲು ಲಿಥುವೇನಿಯಾದಿಂದ ಬಂದವರ ಮಾತು ಅವರಿಗೆ ಬಾರದು. ಅವರ ಉಪದೇಶ ಕೇಳುವಾಗ ಗಂಡಸರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು: "ಬೈತಾವ್ರೋ ಹರಸ್ತಾವ್ರೋ ಯಾರಿಗ್ಗೊತ್ತು? ಎರಡಕ್ಕೂ ಆಮೆನ್ ಅಂದ್ಬಿಡು."

ಆದರೆ ಸಾಯುವವನ ಪಾಪನಿವೇದನೆಗೆ ಆಮೆನ್ ಸಾಲದು. ಗಣಿಯಾಳು ಮೋತೆಯುಸನ ಎದೆಯಲ್ಲಿ ಕಲ್ಲಿದ್ದಲ ದೂಳು ಕಟ್ಟಿ, ಉಸಿರು ಕೊನೆಗೆ ಬಂದಿತ್ತು. ಅವನ ಹೆಂಡತಿ ಬಾರ್ಬೊರಾ ನೆರೆಮನೆಯ ಊರ್ಶುಲೆಯ ಬಳಿಗೆ ಓಡಿದಳು. ಐರಿಷರ ಮನೆಯಲ್ಲಿ ಪಾತ್ರೆ ತೊಳೆಯುತ್ತ ಇಂಗ್ಲಿಷ್ ಕಲಿತವಳು ಆ ಕೇರಿಯಲ್ಲಿ ಅವಳೊಬ್ಬಳೇ.

"ಬೇಗ ಬಾರೆ, ಪಾದ್ರಿಗಳು ಬಂದವ್ರೆ. ನಮ್ಮನೆಯವರು ಹೇಳಿದ್ದನ್ನ ನೀನು ಪಾದ್ರಿಗಳಿಗೆ ಹೇಳ್ಬೇಕು. ಪಾಪ ಹೊತ್ಕೊಂಡು ಹೋಗೋ ಹಾಗಾಗ್ಬಾರ್ದು ಕಣೆ."

"ಮೋತೆಯುಸಣ್ಣ ಏನ್ ಪಾಪ ಮಾಡಿರ್ತಾರೆ? ಶುಕ್ರವಾರದ ವ್ರತ ಮುರ್ದು ಮಾಂಸ ತಿಂದಿರ್ಬೇಕು, ಅಷ್ಟೆ," ಎಂದು ಊರ್ಶುಲೆ ಒದ್ದೆ ಕೈ ಒರೆಸಿಕೊಂಡು ಎದ್ದಳು. ಗಣಿಯ ಚಾವಣಿ ಕುಸಿದು ಅವಳ ಗಂಡ ಬಾಲ್ತ್ರುಸ್ ಸತ್ತ ಮೇಲೆ, ಕೇಳದೆಯೇ ಅವಳ ಬಾಗಿಲಿಗೆ ಕಲ್ಲಿದ್ದಲ ಚೀಲ ತಂದಿಡುತ್ತಿದ್ದವನು ಮೋತೆಯುಸ್.

ಅವಳು ಒಳಗೆ ಬಂದೊಡನೆ ಪಾದ್ರಿ ಕೋಣೆಯ ಬಾಗಿಲು ಹಾಕಿದರು. ಅವಳನ್ನು ಕಂಡು ಮೋತೆಯುಸ್ ಗೋಡೆಯ ಕಡೆ ಹೊರಳಿದ.

"ಬೇರೆ ಯಾರೂ ಇಲ್ವಾ?"

"ನಾನೇ ಗತಿ. ನಾಚ್ಕೋಬೇಡಿ ಅಣ್ಣ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀನಿ."

ಸಂಜೆಯ ಗಾಡಿಗೆ ಹೊತ್ತಾಗುತ್ತಿತ್ತು. ಪಾದ್ರಿ ಕಿಟಕಿಯತ್ತ ನೋಡಿದರು. ಕೊನೆಗೆ ಅವನು ಗೋಡೆಗೆ ಹೇಳುವಂತೆ ಹೇಳಿದ.

"ಆ ದಿನ ಬಾಲ್ತ್ರುಸ್ ಕುಡ್ದಿರ್ಲಿಲ್ಲ. ಮೇಲಿನ ಬಂಡೆಗೆ ಆನಿಸೋ ಕಂಬ ಎಲ್ಲಾ ಸರಿಯಾಗೇ ನಿಲ್ಸಿದ್ದ. ನನ್ನ ಕಡೆ ಕಂಬ ಸಾಲ್ಲಿಲ್ಲ. ಅವನು ಊಟಕ್ಕೆ ಹೋದಾಗ ಅವನ ಕಂಬ ಕಿತ್ಕೊಂಡ್ ಬಂದೆ. ಕುಡ್ದು ಕಂಬ ನಿಲ್ಲಿಸ್ಲಿಲ್ಲ ಅಂತ ಮೇಸ್ತ್ರಿಗೆ ಹೇಳ್ದೋನೂ ನಾನೇ."

ಊರ್ಶುಲೆಗೆ ಪದಗಳು ಕೇಳಿಸಿದವು. ಅರ್ಥ ನಿಧಾನವಾಗಿ ಬಂತು. ಕುಡುಕನೆಂದೇ ಬಾಲ್ತ್ರುಸನನ್ನು ಹೂಳಿದ್ದರು. ಗೋರಿಯ ಮುಂದೆ ನಿಂತು ಅವಳೂ ಅವನನ್ನು ಶಪಿಸಿದ್ದಳು.

"ಏನಂದ, ಮಗಳೇ?" ಎಂದರು ಪಾದ್ರಿ.

ಶುಕ್ರವಾರದ ಮಾಂಸ ಎಂದರೂ ಸಾಕಿತ್ತು. ಪಾದ್ರಿಗೆ ತಿಳಿಯದು, ಮೋತೆಯುಸನಿಗೂ ತಿಳಿಯದು. ಅವನ ಪಾಪ ಅವನ ಮೇಲೆಯೇ ಉಳಿಯುತ್ತಿತ್ತು. ಅವನು ಈಗ ತಿರುಗಿ ಅವಳ ತುಟಿಯನ್ನೇ ನೋಡುತ್ತಿದ್ದ.

ಅವಳು ಹೇಳಿದಳು. ಒಂದೂ ಬಿಡಲಿಲ್ಲ. ಗಂಡನ ಹೆಸರನ್ನು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ; "ಒಬ್ಬ ಮನುಷ್ಯ" ಎಂದಳು.

"ಸತ್ತವನಿಗೆ ಹೆಂಡ್ತಿ ಇದ್ದಾಳಾ?"

"ಇದ್ದಾಳೆ, ಫಾದರ್." ಇದನ್ನವಳು ಮೋತೆಯುಸನನ್ನು ಕೇಳಲಿಲ್ಲ.

"ಅವಳ ಕ್ಷಮೆ ಕೇಳೋ ಮನಸ್ಸಿದ್ಯಾ ಅಂತ ಕೇಳು."

ಕೇಳಿದಳು. ಅವನ ಬಾಯಿಂದ "ಊರ್ಶುಲೆ" ಎಂಬುದಷ್ಟೇ ಹೊರಟಿತು. ಉಳಿದದ್ದು ಕೆಮ್ಮು, ಅಳು.

"ಇದೆಯಂತೆ," ಎಂದಳು.

ಪಾದ್ರಿ ಕೈ ಎತ್ತಿ ಲ್ಯಾಟಿನ್ನಿನಲ್ಲಿ ಕ್ಷಮೆಯ ಮಾತು ಹೇಳಿದರು. ಅದಕ್ಕೆ ನಡುವೆ ಯಾರೂ ಬೇಕಿರಲಿಲ್ಲ. ಹೊರಡುವಾಗ ಮೆಲ್ಲಗೆ ಅಂದರು: "ಇಲ್ಲಿ ಕೇಳಿದ್ದು ನನಗೆ ಹೇಗೋ ನಿನಗೂ ಹಾಗೇ, ಮಗಳೇ. ಸಾಯೋವರೆಗೂ ಬಾಯಿ ಬಿಡೋ ಹಾಗಿಲ್ಲ."

"ಸತ್ತೋನ ಮಾನ ಉಳ್ಸೋಕೂ?"

ಅವರು ಆಗ ಅವಳನ್ನು ಸರಿಯಾಗಿ ನೋಡಿದರು. ತೊಡಲು ಎತ್ತಿದ್ದ ಟೋಪಿಯನ್ನು ಕೆಳಗಿಳಿಸಿದರು.

"ಇಲ್ಲ, ತಾಯಿ," ಎಂದರು. "ಅದಕ್ಕೂ ಇಲ್ಲ."

ಅಡುಗೆಮನೆಯಲ್ಲಿ ಬಾರ್ಬೊರಾ ಅವಳ ಕೈಗೆ ಬ್ರೆಡ್ಡಿನ ತುಂಡಿಟ್ಟಳು. "ಎಲ್ಲಾ ಹೇಳ್ಕೊಂಡ್ರಾ? ಸದ್ಯ, ಹಗುರಾಗಿ ಹೋಗ್ತಾರೆ. ಬೇಜಾರಾಗ್ಬೇಡ ಕಣೆ, ನಿನ್ನ ಗಂಡನಿಗೆ ಆ ಪುಣ್ಯ ಇರ್ಲಿಲ್ಲ. ಕುಡಿದ ಬಾಯಲ್ಲೇ ಹೋದ."

ಊರ್ಶುಲೆ ಕಿಟಕಿಯಾಚೆ ನೋಡಿದಳು; ಪಾದ್ರಿ ಗಾಡಿಯ ಕಡೆ ನಡೆಯುತ್ತಿದ್ದರು.

ಒಳಗಿನಿಂದ ಕ್ಷೀಣವಾಗಿ ಅವಳ ಹೆಸರು ಕೇಳಿಸಿತು. ಮತ್ತೊಮ್ಮೆ.

"ನಿನ್ನನ್ನೇ ಕರೀತಾವ್ರೆ, ಹೋಗೆ," ಎಂದಳು ಬಾರ್ಬೊರಾ.

ಅವಳು ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಶಾಲು ಹೊದ್ದು, ಹೊರಗಿನ ಬಾಗಿಲು ತೆರೆದು ಹಿಮದೊಳಗೆ ಇಳಿದಳು.