ಒಣಹುಲ್ಲಿನ ಬಣ್ಣ

ಅವಳು ಐದನೆಯ ಉಳಿಯ ಬಾಯನ್ನು ಸಾಣೆಕಲ್ಲಿಗೆ ಉಜ್ಜುತ್ತಿದ್ದಳು. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದ ಉಕ್ಕು ಕಪ್ಪಗೆ, ಗಾಜಿನಷ್ಟು ಗಡುಸಾಗಿ ಕೈಗೆ ಬರುತ್ತದೆ. ಆ ಕಪ್ಪು ತೆಗೆದು ಬೆರಳಗಲ ಹೊಳಪು ಮಾಡಿಕೊಟ್ಟರೆ ಗಂಡ ಅದನ್ನು ಮತ್ತೆ ಕುಲುಮೆಯ ಅಂಚಿಗೆ ಹಿಡಿಯುತ್ತಾನೆ. ಹೊಳಪಿನ ಮೇಲೆ ಒಣಹುಲ್ಲಿನ ಹಳದಿ ಏರಿದ ಕ್ಷಣವೇ ನೀರಿಗೆ. ಮೊದಲೇ ಅದ್ದಿದರೆ ಉಳಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ತಡವಾದರೆ ಅಲಗು ಮಡಚಿಕೊಳ್ಳುತ್ತದೆ. ಇಪ್ಪತ್ತೆಂಟು ವರ್ಷಗಳಿಂದ ಉಜ್ಜುವುದು ಅವಳ ಕೆಲಸ, ಬಣ್ಣ ನೋಡುವುದು ಅವನದು.

ಬಾಗಿಲಲ್ಲಿ ಅವಳ ತಮ್ಮ ಬಂದು ನಿಂತ. ಬಡಗಿ. ಕೆನ್ನೆಗೆ ಬಿಳಿ ಪಟ್ಟಿ, ಕೈಯಲ್ಲಿ ಕಳೆದ ತಿಂಗಳು ಇಲ್ಲಿಂದ ಒಯ್ದಿದ್ದ ಮೂರು ಉಳಿಗಳಲ್ಲಿ ಒಂದು, ಬಾಯಿ ಮುರಿದದ್ದು.

“ಭಾವ, ನಿಮ್ಮ ಉಳಿ ಮರ ಕೆತ್ತಲಿಲ್ಲ. ಮರವೇ ನಿಮ್ಮ ಉಳೀನ ಕೆತ್ತಿಬಿಡ್ತು.”

“ಕೊಡತಿ ಹಿಡಿಯೋಕೆ ಬರದವನು ಉಳಿ ಡೊಂಕು ಅಂದನಂತೆ,” ಎಂದ ಗಂಡ, ತಲೆ ಎತ್ತದೆ. “ಗಂಟಿನ ಮೇಲೆ ಹೊಡೆದಿರ್ತೀಯ.”

“ಒಂದು ಮುರಿದ್ರೆ ಗಂಟು ಅನ್ನಿ. ಮೂರೂ ಮುರಿದವಲ್ಲ! ಚೂರು ಹಾರಿ ಕೆನ್ನೆಗೆ ನೆಟ್ಟಿತು. ಎರಡು ಬೆರಳು ಮೇಲಾಗಿದ್ರೆ ಕಣ್ಣೇ ಹೋಗ್ತಿತ್ತು.”

“ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು ಕಣೋ. ಉಕ್ಕು ಮೊದಲಿನ ಹಾಗೆ ಎಲ್ಲಿ ಬರುತ್ತೆ?”

“ಈ ಆರನ್ನೂ ನಾಳೆ ಒಯ್ತೀನಿ. ಇವೂ ಮುರಿದ್ರೆ ಅಂಗಡಿಯವೇ ಗತಿ, ಬೇಜಾರು ಮಾಡ್ಕೋಬೇಡಿ. ಅಕ್ಕನ ಮುಖ ನೋಡಿ ಇಷ್ಟು ದಿನ ಬಂದೆ.”

“ನನ್ನ ಮುಖ ನೋಡೋಕೆ ಉಳಿ ಯಾಕೋ ಬೇಕು?” ಎಂದು ನಗಲು ನೋಡಿದಳು. ನಗು ಹುಟ್ಟಲಿಲ್ಲ.

ತಮ್ಮ ಹೋದ ಮೇಲೆ ಐದನೆಯದನ್ನು ಗಂಡನ ಕೈಗೆ ಕೊಟ್ಟಳು. ಎಂದಿನಂತೆ ಮುಂದಿನದನ್ನು ಎತ್ತಿಕೊಳ್ಳದೆ ಅವನ ಹಿಂದೆಯೇ ನಿಂತಳು. ಕುಲುಮೆಯ ಅಂಚಿನಲ್ಲಿ ಉಕ್ಕು ಇನ್ನೂ ತೊಳೆದಿಟ್ಟ ತಟ್ಟೆಯಷ್ಟು ಬೆಳ್ಳಗಿತ್ತು.

“ಬಂತು ಹಳದಿ,” ಎಂದು ಅವನು ನೀರಿಗೆ ಅದ್ದಿಬಿಟ್ಟ.

ಹೊರತೆಗೆದಾಗಲೂ ಅದು ಬೆಳ್ಳಗೇ ಇತ್ತು. ಬಿಳಿ ಅಂಗಿ ಹಳದಿಯಾಗಿದೆ, ಸೋಪು ಬದಲಿಸು ಎಂದು ಎರಡು ತಿಂಗಳಿಂದ ಗೊಣಗುತ್ತಿದ್ದ. ಅವಳೂ ಒಗೆದದ್ದನ್ನೇ ಒಗೆದು ಸೋತಿದ್ದಳು. ಹಳದಿ ಇದ್ದದ್ದು ಅಂಗಿಯಲ್ಲಲ್ಲ.

“ರೀ, ಒಂದ್ಸಲ ಕಣ್ಣಿನ ಡಾಕ್ಟರ ಹತ್ರ ಹೋಗಿ ಬರೋಣ್ವಾ?”

“ಯಾಕೆ? ಕಮ್ಮಾರನಿಗೆ ಕಣ್ಣು ಮಂಜಾಯ್ತು ಅಂತ ಊರಿಗೆಲ್ಲ ಡಂಗುರ ಹೊಡೆಸೋಕಾ? ಉಜ್ಜೋಳು ಉಜ್ಜು, ಸಾಕು.”

ಹಾಗೆಂದು ಇಕ್ಕಳಕ್ಕೆ ಕೈ ಚಾಚಿದ. ಕೈ ಗೇಣು ದೂರ ಬಿತ್ತು. ನೆಲ ತಡವಿ, ಸಿಕ್ಕಿದಾಗ ಅವಳು ನೋಡಿದಳೇ ಎಂಬಂತೆ ಅವಳತ್ತ ತಿರುಗಿದ. ಅವಳು ಆರನೆಯದನ್ನು ಹಿಡಿದು ಕಲ್ಲಿನ ಮೇಲೆ ಬಾಗಿದಳು. ಕೋಪದ ಅಡಿಯಲ್ಲಿ ಇರುವುದು ಬರೀ ಹೆದರಿಕೆ ಎಂದು ಗೊತ್ತಾದ ಮೇಲೆ ಸಿಟ್ಟು ಮಾಡುವುದಾದರೂ ಯಾರ ಮೇಲೆ?

ಮಧ್ಯಾಹ್ನ ಅವನು ಊಟ ಮಾಡಿ ಅಡ್ಡಾದಾಗ ಆರೂ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಗೆ ತಂದಳು. ಒಲೆಯ ಮೇಲೆ ದಪ್ಪ ಕಬ್ಬಿಣದ ಹಲಗೆ ಕಾಯಿಸಿ ಒಂದನ್ನಿಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಹಾಲಿನ ಕೆನೆ, ಅದರ ಹಿಂದೆಯೇ ಒಣಹುಲ್ಲು. ಯೋಚಿಸುವ ಮೊದಲೇ ಅವಳ ಕೈ ಅದನ್ನು ನೀರಿಗೆ ಅದ್ದಿತ್ತು. ನೋಡುವುದು ಇಷ್ಟು ಸಲೀಸು ಎಂದು ಇಪ್ಪತ್ತೆಂಟು ವರ್ಷ ಯಾರೂ ಹೇಳಿರಲಿಲ್ಲ.

“ಏನೇ ಅದು, ಚುಂಯ್ ಅಂತು?” ಒಳಗಿನಿಂದ ಅವನ ದನಿ.

“ಕಾದ ಪಾತ್ರೆಗೆ ನೀರು ಹಾಕ್ದೆ, ಮಲಗಿ.”

ಮೂರನೆಯದಕ್ಕೆ ಕೈ ನಿಂತಿತು. ಈ ಉಳಿಗಳು ಮುರಿಯುವುದಿಲ್ಲ. ತಮ್ಮ ಹೊಗಳುತ್ತಾನೆ. ಗಂಡ, ‘ನೋಡ್ದಾ, ಆವತ್ತು ಮುರಿದದ್ದು ಉಕ್ಕಿನದೇ ತಪ್ಪು’ ಎನ್ನುತ್ತಾನೆ. ಆಮೇಲೆ ಡಾಕ್ಟರ ಮಾತೆತ್ತಲೂ ದಾರಿಯಿಲ್ಲ. ಒಬ್ಬನ ಕಣ್ಣು ಉಳಿಸಲು ಹೋಗಿ ಇನ್ನೊಬ್ಬನದನ್ನು ತಾನೇ ಮುಚ್ಚಿದಂತೆ. ಹಾಗೆಂದು ಮುರಿಯುವ ಉಳಿಯನ್ನು ತಮ್ಮನ ಕೈಗೆ ಕೊಡಲಾದೀತೇ?

ಆರನ್ನೂ ಮುಗಿಸಿದಳು. ಗಂಡನ ಹಟ ಅವಳಿಗೆ ಗೊತ್ತು. ತನಗಾಗಿ ಹೆಜ್ಜೆ ಕೀಳುವವನಲ್ಲ. ಅವಳಿಗೆ ಜ್ವರ ಬಂದಾಗ ಮಾತ್ರ ಕುಲುಮೆ ಆರಿಸಿ ಆಸ್ಪತ್ರೆಯ ಬೆಂಚಿನಲ್ಲಿ ದಿನವಿಡೀ ಕೂತಿದ್ದ.

ನಾಳೆ ತಮ್ಮ ಉಳಿ ಒಯ್ಯಲಿ, ನಾಡಿದ್ದಿನಿಂದ ಮಂಜಾಗಬೇಕಾದದ್ದು ತನ್ನ ಕಣ್ಣು. ಆಸ್ಪತ್ರೆಗೆ ಒಬ್ಬಳೇ ಹೋಗಲು ಹೆದರಿಕೆ, ಜೊತೆಗೆ ಬನ್ನಿ ಎನ್ನಬೇಕು. ಡಾಕ್ಟರ ಕುರ್ಚಿಯವರೆಗೆ ಬಂದವನನ್ನು ಅಲ್ಲಿ ಕೂರಿಸುವುದು ಹೇಗೆಂದು ಅಲ್ಲೇ ನೋಡಿಕೊಂಡರಾಯಿತು.

ಉಳಿಗಳನ್ನು ಒರೆಸಿ, ಎಲ್ಲಿದ್ದವೋ ಅಲ್ಲೇ ಸಾಲಾಗಿ ಜೋಡಿಸಿಟ್ಟಳು.