ಅಮ್ಮಾಜಮ್ಮ ತೊಳೆದ ಪಿಯಾನೊ

ಬ್ಲೀಚಿಂಗ್ ಪೌಡರ್ ವಾಸನೆ, ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ಅದೇ, ಇರಲಿ, ರೇಷ್ಮೆಹುಳು ಸಾಕುವವರ ಮನೆಯಲ್ಲಿ ಬಾಡಿಗೆಗಿದ್ದ ಮೇಲೆ ಇನ್ನೇನು ಮಲ್ಲಿಗೆ ವಾಸನೆ ಬರುತ್ತದೆಯೇ, ಹೊಸ ಹುಳು ತರುವ ಮೊದಲು ಶಿಡ್ಲಘಟ್ಟದಲ್ಲಿ ಎಲ್ಲರ ಮನೆಯೂ ಹೀಗೇ, ಆದರೆ ಈ ವಾಸನೆ ಹುಳುವಿನ ಕೋಣೆಯಿಂದ ಬರುತ್ತಿಲ್ಲ, ನನ್ನ ಪಿಯಾನೊ ಒಳಗಿಂದ ಬರುತ್ತಿದೆ — ಎಂಟು ದಿನ, ಬರೀ ಎಂಟು ದಿನ ಗೌರಿಬಿದನೂರಿನ ಅಕ್ಕನ ಮನೆಯಲ್ಲಿದ್ದು ಇವತ್ತು ಮೊದಲ ಬಸ್ಸಿಗೆ ಬಂದೆ, ಮುಚ್ಚಳ ತೆಗೆದೆ, ನಡುವಿನ ಒಂದು ಕೀ ಒತ್ತಿದೆ, ಕೆಳಗೆ ಹೋಯಿತು, ಮೇಲೆ ಬರಲಿಲ್ಲ, ಇನ್ನೊಂದು ಒತ್ತಿದೆ, ಅದೂ ಅಷ್ಟೇ. ಮನೆಯೊಡತಿ ಅಮ್ಮಾಜಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ, ನಿಮ್ ಪೆಟ್ಗೇನೂ ಬಿಡ್ಲಿಲ್ಲ ಟೀಚರಮ್ಮ, ಹುಳಕ್ಕೆ ರೋಗ ತಗುಲ್ಬಾರ್ದಲ್ಲ, ಹಿಂದಿನ ಹಲಗೆ ಬಿಚ್ಚಿ ಒಳಗೆಲ್ಲ ಎರಡು ಸಲ ಪೌಡರ್ ನೀರು ಹೊಡ್ದೆ, ಹುಳ ಗೂಡು ಕಟ್ಟೋ ನಮ್ ಚಂದ್ರಿಕೆಗಿಂತ ಚೆನ್ನಾಗ್ ತೊಳ್ದಿದೀನಿ ನೋಡಿ. ತೊಳೆದಿದ್ದಾಳೆ ಪುಣ್ಯಾತ್ಗಿತ್ತಿ, ತಂತಿಯೆಲ್ಲ ತುಕ್ಕು, ಮರವೆಲ್ಲ ಊದಿಕೊಂಡಿದೆ, ಬಯ್ಯಬೇಕು, ಬಾಯಿ ಬರುತ್ತಿಲ್ಲ, ಹೋದ ವರ್ಷ ಟೈಫಾಯಿಡ್ ಬಂದು ಮಲಗಿದ್ದಾಗ ಮೂರು ವಾರ ಗಂಜಿ ಕುಡಿಸಿದವಳು ಇವಳೇ ಅಲ್ಲವೇ, ಅಕ್ಕ ಒಂದು ಕಾಗದ ಹಾಕಿ ಸುಮ್ಮನಾದಳು, ಇವಳಿಗೆ ನಿಜ ಹೇಳಿದರೆ ಹಣೆ ಹಣೆ ಚಚ್ಚಿಕೊಂಡು ಅಳುತ್ತಾಳೆ, ಆಮೇಲೆ ನನ್ನ ಮುಖ ನೋಡಲು ಹೆದರುತ್ತಾಳೆ, ಇವಳೂ ಮಾತು ಬಿಟ್ಟರೆ ನನಗೆ ಯಾರಿದ್ದಾರೆ, ಹೇಳು ಶ್ಯಾಮಲಾ, ನಿನಗೆ ಯಾರಿದ್ದಾರೆ.

ಆದಿಲಕ್ಷ್ಮಿ ಇದ್ದಾಳೆ, ಹತ್ತು ಗಂಟೆಗೆ ಬರುತ್ತಾಳೆ, ನಾಳೆ ಗಂಡನ ಜೊತೆ ಕಲ್ಕತ್ತೆಗೆ ಹೊರಡುವವಳು ಇವತ್ತೊಂದು ದಿನ ನನಗಾಗಿ ಇಟ್ಟುಕೊಂಡಿದ್ದಾಳೆ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿದ್ದಕ್ಕೆ ನಿಜವಾಗಿ ಕಲಿತವಳು ಅವಳೊಬ್ಬಳೇ, ಉಳಿದವರಿಗೆ ನಾನು ಪ್ರಾರ್ಥನೆಗೆ ಪಿಯಾನೊ ಬಾರಿಸುವ ಮಿಸ್ಸು, ಅಷ್ಟೇ. ಎಂಬತ್ತೆರಡನೇ ಇಸವಿಯಲ್ಲಿ ಬೆಂಗಳೂರಿನಲ್ಲಿ ಒಂದೇ ಒಂದು ಕಚೇರಿ, ಎದುರಿಗೆ ಮೂವತ್ತು ಜನ, ಅದರಲ್ಲಿ ಅರ್ಧ ಜನ ಮಳೆ ಬಂತೆಂದು ಒಳಗೆ ನುಗ್ಗಿದವರು, ಅಪ್ಪ ಕೇಳಿದ್ದು ಇದನ್ನ ಮದ್ವೆ ಮನೇಲಿ ಬಾರಿಸಕ್ಕಾಗತ್ತೇನಮ್ಮ ಅಂತ, ಆಗಲ್ಲಪ್ಪ ಅಂದೆ, ಅಲ್ಲಿಗೆ ಮುಗಿಯಿತು ನನ್ನ ಕೀರ್ತಿ. ಆಮೇಲೆ ಶುರುವಾದದ್ದು ನನ್ನದೇ ಕೃತಿ, ಹದಿನಾಲ್ಕು ವರ್ಷ, ದಿನಾ ಸಂಜೆ, ಇಪ್ಪತ್ತು ನಿಮಿಷದ್ದು, ಪೂರ್ತಿ ಯಾರೂ ಕೇಳಿಲ್ಲ, ಬರೆದೂ ಇಟ್ಟಿಲ್ಲ ದಡ್ಡಿ, ಬರೆದರೆ ಮುಗಿದೇ ಹೋಗುತ್ತದೆ, ಮುಗಿದರೆ ಸಂಜೆಗಳಲ್ಲಿ ಏನು ಮಾಡಲಿ ಎಂಬ ಭಯ — ನೀವು ಬಾರಿಸಿ ಮಿಸ್, ನಾನು ರೆಕಾರ್ಡ್ ಮಾಡ್ಕೊಂಡು ಹೋಗಿ ಬರ್ಕೊಳ್ತೀನಿ, ನಿಮ್ಮ ಹೆಸರಲ್ಲೇ ಕಲ್ಕತ್ತೇಲಿ ಬಾರಿಸ್ತೀನಿ ಎಂದು ಆದಿಲಕ್ಷ್ಮಿ ಬರೆದಿದ್ದಳು, ಆ ಕಾಗದ ಓದಿ ನಾನು ಅತ್ತಿದ್ದೆ.

ಬಂದಳು, ಬಂದೇಬಿಟ್ಟಳು, ದಪ್ಪಗಾಗಿದ್ದಾಳೆ, ಕಾಲಿಗೆ ಬಿದ್ದಳು, ಅಮ್ಮಾಜಮ್ಮ ಕಾಫಿ ಕೊಟ್ಟು ತಾನೂ ಚಾಪೆ ಹಾಸಿ ಕೂತಳು, ನಾನೂ ಕೇಳ್ತೀನಮ್ಮ, ಪೆಟ್ಗೆ ತೊಳ್ದಿದ್ದು ನಾನೇ ಅಲ್ವ. ಆದಿಲಕ್ಷ್ಮಿ ಟೇಪ್ ರೆಕಾರ್ಡರ್ ಗುಂಡಿ ಒತ್ತಿದಳು, ಕ್ಯಾಸೆಟ್ಟಿನ ಎರಡು ಚಕ್ರ ತಿರುಗುತ್ತಿವೆ, ಬಾರಿಸಿ ಮಿಸ್, ಮುಚ್ಚಳದ ಮೇಲೆ ನನ್ನ ಕೈ, ತೆಗೆಯಬೇಕು, ತೆಗೆದರೆ ಇವಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಅಯ್ಯೋ ಯಾರು ಮಾಡಿದ್ದು ಮಿಸ್ ಎಂದು ಕೂಗುತ್ತಾಳೆ, ಅಮ್ಮಾಜಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎಷ್ಟು ಆಸೆಯಿಂದ ನೋಡುತ್ತಿದ್ದಾಳೆ — ಮರೆತುಹೋಯಿತು ಕಣಮ್ಮ, ಅಂದೆ. ನಾನೇ ಅಂದೆ. ಒಂದು ಸ್ವರವೂ ನೆನಪಿಲ್ಲ, ಕಾಯಿಲೆ ಬಂದ ಮೇಲೆ ಎಲ್ಲ ಹೋಯಿತು. ಪೂರ್ತಿ ನೆನಪಿದೆ, ದೇವರೇ, ಈಗಲೂ ಬೆರಳು ಮಡಿಲಲ್ಲಿ ಬಾರಿಸುತ್ತಿವೆ, ಸೀರೆ ನೆರಿಗೆಯೊಳಗೆ ಬಚ್ಚಿಟ್ಟೆ. ವಯಸ್ಸಾಯ್ತಲ್ಲ ಟೀಚರಮ್ಮ, ಪರವಾಗಿಲ್ಲ ಬಿಡಿ ಎಂದು ಅಮ್ಮಾಜಮ್ಮ ಬೆನ್ನು ಸವರುತ್ತಿದ್ದಾಳೆ, ಆದಿಲಕ್ಷ್ಮಿ ಕಣ್ಣೊರೆಸಿಕೊಂಡಳು, ಹೊರಡುತ್ತಾಳೆ ಅಂದುಕೊಂಡೆ, ಇಲ್ಲ, ನನ್ ಬಸ್ಸು ನಾಲ್ಕಕ್ಕಲ್ವ ಮಿಸ್, ನೆನಪಾಗೋವರೆಗೂ ಕೂತಿರ್ತೀನಿ, ಟೇಪ್ ಆರಿಸಲ್ಲ, ಬಿಟ್ಟಿರ್ತೀನಿ — ಚಕ್ರ ತಿರುಗುತ್ತಿವೆ, ನೋಡಬಾರದು, ನೋಡುತ್ತಿದ್ದೇನೆ, ಒಂದು ಚಕ್ರ ಸಣ್ಣಗಾಗುತ್ತಿದೆ, ಇನ್ನೊಂದು ದಪ್ಪಗಾಗುತ್ತಿದೆ, ತಿರುಗುತ್ತಿವೆ, ಎರಡೂ ತಿರುಗುತ್ತಿವೆ