ಬಣ್ಣ ನಿಲ್ಲದ ಜಾಗ

"ಓರೆ ಮಾಡು. ಇನ್ನೂ ಓರೆ. ಗೋಡೆಗೆ ತಾಗುತ್ತೆ," ಎಂದ ಪೇಂಟರ್. ಮಂಚದ ತಲೆಯ ಕಡೆಯನ್ನು ಅವನು ಹಿಡಿದಿದ್ದ, ಕಾಲಿನ ಕಡೆಯನ್ನು ಅವನ ಬಾಮೈದ. ಆಸ್ಪತ್ರೆಯಿಂದ ಗಾಡಿ ಹೊರಟಿದೆಯೆಂದು ಆಗಲೇ ಫೋನ್ ಬಂದಿತ್ತು. ಹೆಂಡತಿಯನ್ನು ಮಲಗಿಸಲು ನಡುಮನೆಯಲ್ಲಿ ಜಾಗ ಮಾಡಬೇಕಿತ್ತು.

"ಈ ಹೊತ್ತಲ್ಲೂ ಗೋಡೆ ಚಿಂತೆನಾ ಭಾವ," ಎಂದ ಬಾಮೈದ. ಆದರೂ ಓರೆ ಮಾಡಿದ.

ಮಗಳು ಅಡುಗೆಮನೆಯ ಒಳಗಿನಿಂದ ಹೇಳಿದಳು: "ಬೆನ್ನು ಬಗ್ಗಿಸಬೇಡ ಮಾವ. ಮಂಡಿ ಮಡಚಿ ಎತ್ತು." ಅದು ಅವಳಮ್ಮನ ಮಾತು. ಅಪ್ಪನಿಗೆ ಅವಳು ಏನೂ ಹೇಳಲಿಲ್ಲ. ಬೆಳಗಿನ ಬಸ್ಸಿಗೆ ಬಂದಾಗಿನಿಂದ ಅವನನ್ನು ಅವಳು ಕೇಳಿದ್ದು, ಟವೆಲ್ ಎಲ್ಲಿದೆ ಎಂದಷ್ಟೇ.

ಮಂಚದ ಮೂಲೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ತಾಗದೆ ದಾಟಿತು. ಅಭ್ಯಾಸಬಲದಿಂದ ಪೇಂಟರ್ ಚೌಕಟ್ಟಿನತ್ತ ನೋಡಿದ. ಸೊಂಟದೆತ್ತರದಲ್ಲಿ, ಅಂಗೈಯಷ್ಟು ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಹೋದ ವರ್ಷವಷ್ಟೇ ಬಳಿದಿದ್ದ. ಮತ್ತೆ ಎದ್ದಿದೆಯಲ್ಲ ಎಂದುಕೊಂಡ. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ನಿನ್ನೆ ಸಂಜೆ ಆ ಬಾಗಿಲ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದವಳು ಎದೆ ಹಿಡಿದುಕೊಂಡು ಕೂತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಗಾಡಿಯ ಹಿಂದೆಯೇ ಲಾಂಡ್ರಿಯವರು ಬಂದರು. ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳು ಮದುವೆಗೆ ಮುಂಚಿನಿಂದ ದುಡಿದಿದ್ದಳು. ಒದ್ದೆ ಹಾಸುಗಳನ್ನು ಮೆಷಿನ್ನಿನಿಂದ ಎಳೆದು ತಳ್ಳುಗಾಡಿಗೆ ತುಂಬುವ ಕೆಲಸ. ಬಂದವರಲ್ಲಿ ಅವಳ ಹತ್ತಿರದ ಗೆಳತಿ ಇಸ್ತ್ರಿ ವಿಭಾಗದವಳು. ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು.

"ಹಾಸು ನಾನೇ ಆರಿಸಿ ಕೊಟ್ಟೆ," ಎಂದಳು ಇಸ್ತ್ರಿಯಕ್ಕ, ಹೊದಿಕೆಯ ಅಂಚನ್ನು ನೇರ ಮಾಡುತ್ತ. "ಕಲೆ ಇರೋದನ್ನ ಹೊದಿಸಿದ್ರೆ ಎದ್ದು ಕೂತು ಬೈತಾಳೆ."

ಯಾರೋ ನಕ್ಕರು. ನಕ್ಕವರೇ ಮೂಗು ಒರೆಸಿಕೊಂಡರು.

"ಎಷ್ಟು ನೆಟ್ಟಗೆ ಮಲಗಿದ್ದಾಳೆ ನೋಡ್ರೇ," ಎಂದಳೊಬ್ಬಳು. "ಒಂದು ಕಾಲದಲ್ಲಿ ಕುಡುಗೋಲಿನ ಹಾಗಿದ್ಲು."

"ಕೈ ಡಾಕ್ಟರಮ್ಮನ ಪುಣ್ಯ. ನಾನೇ ಕರ್ಕೊಂಡು ಹೋಗಿದ್ದು," ಎಂದಳು ಇಸ್ತ್ರಿಯಕ್ಕ. "ನಾನು ಮೊದಲನೇ ಸಲ ಹೋದಾಗ, ಇದೇನಪ್ಪ, ಇಂಜೆಕ್ಷನ್ ಇಲ್ಲ, ಮುಲಾಮಿಲ್ಲ, ನೆಟಿಗೆ ತೆಗೆಯೋದೂ ಇಲ್ಲ, ಹಸು ಮೈ ಸವರಿದ ಹಾಗೆ ಸವರಿ ಕಳಿಸಿದ್ಲಲ್ಲ ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದೆ. ಬೆಳಿಗ್ಗೆ ಎದ್ದು ನೋಡ್ತೀನಿ, ಸೊಂಟ ನಂದೇನಾ ಅನ್ನೋ ಹಾಗಿದೆ. ಇವಳಿಗೆ ಅಷ್ಟು ಬೇಗ ಹಿಡೀಲಿಲ್ಲ. ನೋವು ಪೂರ್ತಿ ಹೋಗ್ಲೂ ಇಲ್ಲ. ಆದ್ರೆ ಮತ್ತೆ ಬಗ್ಗಿ ಚಪ್ಪಲಿ ಪಟ್ಟಿ ಹಾಕ್ಕೊಳ್ಳೋ ಹಾಗಾಯ್ತು. ಚಪ್ಪಲಿ ಹಾಕ್ಕೊಂಡ ದಿನ ಇಡೀ ಲಾಂಡ್ರಿಗೆ ಕಾಲು ತೋರಿಸ್ಕೊಂಡು ಓಡಾಡಿದ್ಲು."

ಪೇಂಟರ್‌ಗೆ ಆ ಚಪ್ಪಲಿಯ ಸಂಗತಿ ಗೊತ್ತಿರಲಿಲ್ಲ.

*

ಹೆಂಡತಿ ಮೊದಲ ಸಲ ಕೈ ಡಾಕ್ಟರಮ್ಮನ ಬಳಿ ಹೋಗಿಬಂದ ಸಂಜೆ ಅವನು ಹಿತ್ತಲಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದ. ಸೀಮೆಎಣ್ಣೆಯ ಡಬ್ಬದಲ್ಲಿ ಹಳದಿ ಬಣ್ಣ ಬಿಡುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಹೇಳಿದಳು.

"ಆಸ್ಟಿಯೋಪತಿ ಅಂತಾರಂತೆ ಅದಕ್ಕೆ. ನೋವಿರೋ ಕಡೆ ಅಷ್ಟೇ ಅಲ್ಲ ರೀ, ಕಾಲು, ಭುಜ, ಉಸಿರಾಡೋದು, ಎಲ್ಲ ನೋಡಿದ್ರು. ನಿಂತ್ಕೊಳ್ಳಿ, ಬಗ್ಗಿ, ತಿರುಗಿ ಅಂದ್ರು. ಆಮೇಲೆ ಬೆನ್ನ ಮೇಲೆ ಕೈ ಇಟ್ಕೊಂಡು ಕೂತೇಬಿಟ್ರು. ಕೈಯಲ್ಲೇ ಓದ್ತಾರೇನೋ ಅನ್ಸಿತು."

"ಏನಂತೆ?"

"ಒಂದೇ ಪಕ್ಕಕ್ಕೆ ತಿರುಗಿ ತಿರುಗಿ ಎತ್ತಿ ಎಡಗಡೆ ಬಿಗಿದುಕೊಂಡಿದೆಯಂತೆ. ವಾರಕ್ಕೊಂದ್ಸಲ ಬನ್ನಿ ಅಂದ್ರು." ಹೊಸ್ತಿಲು ದಾಟಿ ಬಂದಳು. "ಮನೇಲೂ ಯಾರಾದ್ರೂ ದಿನಾ ಅಲ್ಲಿ ಕೈ ಇಡ್ಬೇಕಂತೆ. ಒತ್ತೋದು ಬೇಡ, ಉಜ್ಜೋದು ಬೇಡ. ಸುಮ್ನೆ ಇಟ್ರೆ ಸಾಕು, ಅದಾಗಿ ಅದೇ ಸಡಿಲ ಆಗುತ್ತಂತೆ. ಜಾಗ ತೋರಿಸಿದ್ದಾರೆ. ನಿಮಗೆ ತೋರಿಸ್ಲಾ?"

ಅವನು ಬ್ರಷ್ ಕೊಡವಿ ಎರಡೂ ಅಂಗೈ ಎತ್ತಿ ಹಿಡಿದ. "ನೋಡಿದ್ಯಾ ಈ ಕೈನ? ಸ್ಯಾಂಡ್‌ಪೇಪರ್. ಇಟ್ರೆ ನಿನ್ನ ಬೆನ್ನು ಪಾಲಿಷ್ ಆಗೋಗುತ್ತೆ."

ಅವಳು ನಕ್ಕಳು. ಚೆನ್ನಾಗಿಯೇ ನಕ್ಕಳು. ಆಮೇಲೆ ಕಾಯುವವಳಂತೆ ಒಂದು ಗಳಿಗೆ ನಿಂತಳು.

"ಈ ಕೆಲಸ ಒಂದು ಮುಗೀಲಿ ಕಣೇ," ಎಂದ. "ಆಮೇಲೆ ನೋಡೋಣ."

ಆ ಕೆಲಸ ಮುಗಿಯಿತು. ಇನ್ನೊಂದು ಶುರುವಾಯಿತು. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಅವನು ನೋವು ವಾಸಿಯಾಗಿದೆ ಎಂದು ತಿಳಿದ. ಹಾಗೆ ತಿಳಿಯುವುದು ಅನುಕೂಲವಾಗಿತ್ತು.

*

ಮಧ್ಯಾಹ್ನ, ಚಿತಾಗಾರಕ್ಕೆ ಹೊರಡುವ ಮುಂಚೆ, ಕೈ ಡಾಕ್ಟರಮ್ಮ ಬಂದರು. ನರೆತ ಕೂದಲಿನ ಸಣ್ಣ ಹೆಂಗಸು. ಬಿಳಿ ಹೂವನ್ನು ಕಾಲ ಬಳಿ ಇಟ್ಟರು. ಆಮೇಲೆ ಗೋಡೆಗೆ ಒರಗಿದ್ದ ಪೇಂಟರ್‌ನ ಬಳಿ ಬಂದರು. ಪಕ್ಕದಲ್ಲಿ ಮಗಳಿದ್ದಳು.

"ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತ ಬಹಳ ದಿನದಿಂದ ಇತ್ತು ಯಜಮಾನ್ರೇ. ಇಂಥ ದಿನ ನೋಡೋ ಹಾಗಾಯ್ತು."

ಅವನು ಕೈ ಮುಗಿದ.

"ನಾನು ಮಾಡ್ತಿದ್ದದ್ದು ವಾರಕ್ಕೊಂದು ದಿನ. ಮಿಕ್ಕ ದಿನವೆಲ್ಲ ನೋಡಿಕೊಂಡೋರು ನೀವು. ಪ್ರತಿ ಸಲ ಕೇಳ್ತಿದ್ದೆ, ಮನೇಲಿ ಕೈ ಇಡ್ತಿದ್ದಾರಾ ಅಂತ. ಒಂದು ದಿನ ತಪ್ಪಲ್ಲ, ಎಷ್ಟೇ ಸುಸ್ತಾಗಿ ಬಂದಿರ್ಲಿ, ಊಟಕ್ಕೆ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ ಕೈ ಇಡ್ತಾರೆ ಅಂತಿದ್ರು ನಿಮ್ಮ ಮನೆಯವ್ರು. ಬೆನ್ನು ಮುಟ್ಟಿದ್ರೇ ನಂಗೂ ತಿಳೀತಿತ್ತು."

ಪೇಂಟರ್ ತುಟಿ ತೆರೆದ.

"ಗಂಡಸರಿಗೆ ಅಷ್ಟು ತಾಳ್ಮೆ ಇರಲ್ಲ," ಎಂದರು ಆಕೆ, ಮಗಳ ಕಡೆ ತಿರುಗಿ. "ಒಬ್ಬೊಬ್ಬರೇ ಇರೋರಿಗೆ ನಾನು ಬಾಗಿಲ ಚೌಕಟ್ಟು ಹೇಳ್ಕೊಡ್ತೀನಮ್ಮ. ಅದರ ಅಂಚಿಗೆ ಬೆನ್ನು ಒರಗಿಸಿ ನಿಲ್ಲಿ, ಉಸಿರು ನಿಧಾನ ಬಿಡಿ ಅಂತ. ಕೈಯಷ್ಟು ಒಳ್ಳೇದಲ್ಲ. ಏನೂ ಇಲ್ಲದೆ ಇರೋದಕ್ಕಿಂತ ವಾಸಿ, ಅಷ್ಟೆ. ನಿಮ್ಮಮ್ಮನಿಗೂ ಮೊದಲ ದಿನ ಹೇಳಿದ್ದೆ. ಅದರ ಅಗತ್ಯ ಅವರಿಗೆ ಬರ್ಲಿಲ್ಲ. ನಿಮ್ಮಪ್ಪ ಇದ್ರು."

ಮಗಳು ನಿಧಾನವಾಗಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಎರಡು ವರ್ಷದ ಹಿಂದೆ ಫೋನಿನಲ್ಲಿ ಅವಳು ಕೂಗಾಡಿದ್ದಳು: ಅಮ್ಮನ ಬೆನ್ನು ನೋಡೋಕೆ ನಿಂಗೆ ಯಾವತ್ತಪ್ಪ ಪುರುಸೊತ್ತಿತ್ತು, ಊರವರ ಗೋಡೆ ನೋಡೋದೇ ಆಯ್ತು. ಅಂದಿನಿಂದ ಫೋನು ಅಮ್ಮನಿಗೆ ಮಾತ್ರ ಬರುತ್ತಿತ್ತು.

"ನಂಗೊಂದು ಮಾತು ಹೇಳಬಾರ್ದಿತ್ತಾ ಅಪ್ಪ?" ಎಂದಳು. ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡಳು. ಒರಟು ಅಂಗೈಯನ್ನು ತಿರುಗಿಸಿ ನೋಡಿದಳು. "ಅಮ್ಮನೂ ಹೇಳ್ಲಿಲ್ಲ."

ಅವಳ ಕೈ ಬೆಚ್ಚಗಿತ್ತು. ಹೌದು ಎಂದೂ ಅವನು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವಳ ತಲೆಯ ಆಚೆ ಚೌಕಟ್ಟು ಕಾಣುತ್ತಿತ್ತು.

*

ಚೌಕಟ್ಟಿನ ಬಣ್ಣ ಮೊದಲ ಸಲ ಸವೆದಾಗ ಎಣ್ಣೆ ಜಿಡ್ಡು ಎಂದುಕೊಂಡಿದ್ದ. ಉಜ್ಜಿ ತೆಗೆದು ಬಳಿದ. ಮುಂದಿನ ವರ್ಷ ಮತ್ತೆ ಸವೆದಿತ್ತು. ಮರ ತೇವ ಹಿಡಿದಿದೆಯೆಂದು ಕೆರೆದು, ಪುಟ್ಟಿ ಮೆತ್ತಿ ಸಮ ಮಾಡಿ, ಪ್ರೈಮರ್ ಹೊಡೆದ. ಬಣ್ಣದಂಗಡಿಯವನ ಜೊತೆ ಜಗಳವಾಡಿ ಬಂದ. ಮೇಲೆ ನೆಟ್ಟಗಿರುತ್ತಿತ್ತು, ಕೆಳಗೆ ನೆಟ್ಟಗಿರುತ್ತಿತ್ತು. ಆ ಒಂದು ಜಾಗದಲ್ಲಿ ಮಾತ್ರ ಬಣ್ಣ ನಿಲ್ಲುತ್ತಿರಲಿಲ್ಲ.

"ಊರಿಗೆಲ್ಲ ಬಣ್ಣ ಹೊಡೀತೀನಿ, ನನ್ನ ಮನೆ ಬಾಗಿಲು ನೋಡಿದ್ರೆ ಜನ ಉಗೀತಾರೆ," ಎಂದು ರೇಗಿದ್ದ. "ಯಾರೇ ಇಲ್ಲಿ ಒರಗೋದು?"

ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಲಿಲ್ಲ.

"ಇರೋದು ನಾವಿಬ್ರು," ಎಂದಳು. "ನೀವಲ್ಲ ತಾನೇ?"

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು, ಬಣ್ಣ ಒಣಗುವವರೆಗೆ ಅತ್ತ ಸುಳಿಯಬೇಡ ಎಂದು ಹೇಳಿ ಹೊರಗೆ ಹೋಗಿದ್ದ.

*

ಚಿತಾಗಾರದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಟ್ರೆಚರ್ ಎತ್ತುವಾಗ ಲಾಂಡ್ರಿಯ ಹೆಂಗಸರೂ ಕೈ ಹಾಕಿದರು. ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು ಎದ್ದರು. ಪೇಂಟರ್ ಒಬ್ಬನೇ ಸೊಂಟ ಬಗ್ಗಿಸಿ ಎತ್ತಿದ. ಇಸ್ತ್ರಿಯಕ್ಕ ಅವನನ್ನು ನೋಡಿದಳು. ನೋಡುತ್ತಲೇ ಮುಂದೆ ನಡೆದಳು.

ಸಂಜೆಯ ಹೊತ್ತಿಗೆ ಮನೆ ಖಾಲಿಯಾಯಿತು. ಬಾಮೈದ ಬಾಡಿಗೆ ಕುರ್ಚಿಗಳನ್ನು ಹಿಂದಿರುಗಿಸಲು ಹೋಗಿದ್ದ. ಪೇಂಟರ್ ನಡುಮನೆಯಲ್ಲಿ ಕೂತು, ಹೇಗೆ ಶುರುಮಾಡಬೇಕೆಂದು ಯೋಚಿಸುತ್ತಿದ್ದ. ಆ ಡಾಕ್ಟರಮ್ಮ ಹೇಳಿದರಲ್ಲ, ಅದು ಹಾಗಲ್ಲ ಕಣಮ್ಮ. ಅಲ್ಲಿಂದ ಮುಂದೆ ಮಾತು ಹೋಗುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು.

"ಅಪ್ಪ."

"ಹೂಂ."

"ಬೆಳಿಗ್ಗೆಯಿಂದ ಎತ್ತಿ ಇಳಿಸಿ ನನ್ನ ಸೊಂಟ ಹಿಡ್ಕೊಂಡುಬಿಟ್ಟಿದೆ." ಅವಳು ಬಂದು ಅವನೆದುರು ಸ್ಟೂಲ್ ಎಳೆದುಕೊಂಡು, ಬೆನ್ನು ತಿರುಗಿಸಿ ಕೂತಳು. "ಅಮ್ಮಂಗೆ ಇಡ್ತಿದ್ದ ಹಾಗೆ ಸ್ವಲ್ಪ ಕೈ ಇಡು."

ಪೇಂಟರ್ ಕೈ ಎತ್ತಿದ. ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅವಳು ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಕಾಯುತ್ತಿದ್ದಳು. ಕೈ ಗಾಳಿಯಲ್ಲೇ ಇತ್ತು.

"ಕೂತ್ರೆ ಆಗಲ್ಲ," ಎಂದ ಕೊನೆಗೆ. ಎದ್ದು ನಡೆದ. "ಇಲ್ಲಿ ಬಾ. ಇಲ್ಲಿ ನಿಂತ್ಕೋ."

ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿದ. ಎತ್ತರದಲ್ಲಿ ಅವಳು ತಾಯಿಯ ಹಾಗೆಯೇ. ಗೋಡೆಯ ಮೇಲೆ ಗೆರೆ ನೇರವಾಗಿದೆಯೇ ಎಂದು ನೋಡುವಾಗ ಕೂರುವಂತೆ ಮಂಡಿ ಮಡಚಿ ಕೂತ. ಸವೆದ ಜಾಗವನ್ನು ನೋಡಿದ, ಅವಳ ಬೆನ್ನನ್ನು ನೋಡಿದ. ಅದೇ ಎತ್ತರದಲ್ಲಿ, ಎಡಗಡೆ, ಅಂಗೈ ಇಟ್ಟ.

"ಅಲ್ಲೇ," ಎಂದಳು ಮಗಳು, ಕಣ್ಣು ಮುಚ್ಚಿ. "ಅಮ್ಮಂಗೂ ಇಲ್ಲೇನಾ?"

"ಇಲ್ಲೇ."

ಅಂಗೈಯ ಕೆಳಗೆ ಒಣಗಿದ ಪುಟ್ಟಿಯ ಹಾಗೆ ಗಟ್ಟಿಯಾಗಿತ್ತು. ಅವನು ಒತ್ತಲಿಲ್ಲ, ಉಜ್ಜಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದ. ಹೊರಗೆ ಯಾರದೋ ಸೈಕಲ್ ಹೋಯಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಬಿಸಿ ಹುಟ್ಟಿತು. ಇನ್ನೂ ಸ್ವಲ್ಪ ಹೊತ್ತಿಗೆ ಕೈಯ ಅಡಿಯಲ್ಲಿ ಏನೋ ಅದಾಗಿ ಅದೇ ಸಡಿಲವಾಯಿತು. ಮಗಳು ಉದ್ದನೆಯ ಉಸಿರು ಬಿಟ್ಟಳು.

ಅವನು ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನು, ಬೀಳದಿರಲೆಂದು, ಚೌಕಟ್ಟಿಗೆ ಆನಿಸಿದ್ದ. ಆ ಅಂಗೈ ಸವೆದ ಮರದ ಮೇಲೆ ಅಳತೆ ಮಾಡಿದಂತೆ ಕೂತಿತ್ತು.